ಕೊಳವೆಯಲ್ಲಿ ಉಳಿದ ಮೂರೂವರೆ ಕಿಲೋ

ಬೆಳಗಿನ ಐದೂ ನಲವತ್ತು. ಎಂಟಕ್ಕೆ ಮೊದಲು ಲಿಫ್ಟ್ ಓಡುವುದಿಲ್ಲ. ಹಾಗಾಗಿ ಆಕೆ ಅರವತ್ತೆರಡು ಮೆಟ್ಟಿಲು ಹತ್ತಿ, ಮೂರನೇ ಮಹಡಿಯ ಕಾರಿಡಾರನ್ನು ಉದ್ದಕ್ಕೂ ನಡೆದು, ಕೊನೆಯ ಕೋಣೆಯ ಬೀಗ ತೆಗೆಯುತ್ತಾರೆ. ದೀಪ ಹಾಕುತ್ತಾರೆ. ಚೀಲದಿಂದ ಚಹಾದ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಡುತ್ತಾರೆ. ಕನ್ನಡಕ ಒರೆಸಿಕೊಂಡು, ಫ್ಲಾಸ್ಕನ್ನು ಮುಟ್ಟದೆ, ಬಂದ ದಾರಿಯಲ್ಲೇ ಒಂದು ಮಹಡಿ ಕೆಳಗಿಳಿದು ಕಂಟ್ರೋಲ್ ರೂಮಿನ ಬಾಗಿಲು ತಳ್ಳುತ್ತಾರೆ.

"ನಮ್ಮ ಯಾಕಕ್ಕ ಬಂದ್ರು. ಕುರ್ಚಿ ಕೊಡ್ರಪ್ಪ," ಎನ್ನುತ್ತಾನೆ ರಾತ್ರಿ ಪಾಳಿಯ ಮುಖ್ಯಸ್ಥ, ಆಕಳಿಸುತ್ತ.

"ಕುರ್ಚಿ ಬೇಡ. ಅಂಕಿ ಕೊಡಿ."

ಆತ ಒಂದು ಹಾಳೆ ಚಾಚುತ್ತಾನೆ. ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರುವ ಒಂದು ಹವಾಮಾನ ಉಪಗ್ರಹದ ಇಂಧನದ ಟ್ಯಾಂಕಿಗೆ ಮೂರು ದಿನದಿಂದ ಸಣ್ಣಗೆ ಶಾಖ ಕೊಡುತ್ತಿದ್ದಾರೆ. ಗಂಟೆಗೊಮ್ಮೆ ಅದರ ಬಿಸಿ ಎಷ್ಟಾಯಿತೆಂದು ಬರೆದಿಡುತ್ತಿದ್ದಾರೆ. ಟ್ಯಾಂಕಿನಲ್ಲಿ ಇಂಧನ ಹೆಚ್ಚಿದ್ದರೆ ನಿಧಾನವಾಗಿ ಕಾಯಬೇಕು, ಕಡಿಮೆಯಿದ್ದರೆ ಬೇಗ. ಒಲೆಯ ಮೇಲಿನ ಪಾತ್ರೆಯ ವಿಷಯದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲದ ಲೆಕ್ಕ ಇದು. ಆಕೆ ಹಾಳೆಯ ಮೇಲೆ ಬೆರಳಾಡಿಸುತ್ತ ಕೆಳಗಿನ ಸಾಲಿಗೆ ಬಂದು ನಿಲ್ಲುತ್ತಾರೆ.

"ಬೇಗ ಕಾಯ್ತಿದೆ," ಎನ್ನುತ್ತಾರೆ.

"ಇನ್ನೂ ಎರಡು ದಿನ ಇದೆಯಲ್ಲಕ್ಕ. ಈಗಲೇ ಮುಖ ಸಣ್ಣದು ಮಾಡ್ಕೋಬೇಡಿ."

ಟ್ಯಾಂಕಿನಲ್ಲಿ ಇಂಧನ ಕಡಿಮೆ ಇದೆ ಎಂದು ಮೊದಲು ಹೇಳಿದವರು ಆಕೆಯೇ. ಆ ಮಾತು ನಿಜವಾದರೆ, ಹೊಸ ಉಪಗ್ರಹ ಬರುವುದಕ್ಕೆ ವರ್ಷಕ್ಕೂ ಮೊದಲೇ ಹಳೆಯದನ್ನು ಅದರ ಜಾಗದಿಂದ ಎಬ್ಬಿಸಿ ಕಳಿಸಬೇಕಾಗುತ್ತದೆ. ಹಳೆಯ ಲೆಕ್ಕದ ತಪ್ಪಿನ ಕೆಳಗೆ ಎರಡು ಹೆಸರು ಬರುತ್ತವೆ. ಒಂದು ಆಕೆಯದು. ಇನ್ನೊಂದು, ಆರು ವರ್ಷದ ಹಿಂದೆ ತೀರಿಕೊಂಡ ಆಕೆಯ ಗಂಡನದು. ತನ್ನ ಲೆಕ್ಕ ಸುಳ್ಳಾಗಲಿ ಎಂದು ಆಸೆಪಡುತ್ತ ಆ ಲೆಕ್ಕವನ್ನು ತಾನೇ ಪರೀಕ್ಷೆಗೆ ಒಡ್ಡಿರುವ ಮನುಷ್ಯರು ಆ ಕಟ್ಟಡದಲ್ಲಿ ಬೇರೆ ಯಾರೂ ಇಲ್ಲ.

ಆಕೆ ಸಿಸ್ಟಮ್ಸ್ ಎಂಜಿನಿಯರ್. ಕೆಲಸ ಏನು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಉಪಗ್ರಹದ ರೆಕ್ಕೆ ಮಾಡುವವರು ಒಬ್ಬರು, ಬ್ಯಾಟರಿಯವರು ಒಬ್ಬರು, ಟ್ಯಾಂಕಿನವರು, ಕ್ಯಾಮೆರಾದವರು, ರಾಕೆಟ್ಟಿನವರು, ಕೆಳಗೆ ಕೂತು ನಡೆಸುವವರು ಬೇರೆ ಬೇರೆ. ಅವರೆಲ್ಲ ತಮ್ಮ ತಮ್ಮ ವಸ್ತುವನ್ನು ಚೆನ್ನಾಗಿಯೇ ಮಾಡುತ್ತಾರೆ. ಒಬ್ಬರ ವಸ್ತು ಮುಗಿದು ಇನ್ನೊಬ್ಬರದು ಶುರುವಾಗುವ ಜಾಗವಿದೆಯಲ್ಲ, ಅದನ್ನು ನೋಡಿಕೊಳ್ಳುವುದು ಈಕೆಯ ಕೆಲಸ. ಈ ಉಪಗ್ರಹದಿಂದ ಏನೇನು ಆಗಬೇಕು ಎಂಬ ಮೊದಲ ಹಾಳೆಯಿಂದ ಹಿಡಿದು, ಅದನ್ನು ಕಟ್ಟುವುದು, ಪರೀಕ್ಷಿಸುವುದು, ಹಾರಿಸುವುದು, ನಡೆಸುವುದು, ಕೊನೆಗೆ ತೆಗೆದು ಆಚೆ ಹಾಕುವುದರವರೆಗೆ.

"ನಮ್ಮಪ್ಪ ರೈಲಿನ ಡಬ್ಬಿ ಜೋಡಿಸ್ತಿದ್ರು," ಎನ್ನುತ್ತಾರೆ ಆಕೆ. "ಎರಡು ಡಬ್ಬಿ ಮಧ್ಯೆ ನಿಂತ್ಕೊಂಡು ಕೊಂಡಿ ಹಾಕೋ ಕೆಲಸ. ಎಡಗೈಯ ಎರಡು ಬೆರಳು ಅಲ್ಲೇ ಹೋಯ್ತು. 'ಕೊಂಡಿ ಯಾವ ಡಬ್ಬಿಗೂ ಸೇರಿದ್ದಲ್ಲ ಕಣಮ್ಮ, ಅದಕ್ಕೆ ಅದನ್ನ ಯಾರೂ ಒರೆಸಲ್ಲ' ಅಂತಿದ್ರು. ನಾನು ಓದಿ ದೊಡ್ಡವಳಾಗಿ ಅದೇ ಮಾಡ್ತಿದೀನಿ. ಬೆರಳು ಮಾತ್ರ ಪೂರ್ತಿ ಇದೆ."

ಆಕೆಯ ಕೋಣೆಯಲ್ಲಿ ಹನ್ನೊಂದು ಕಬ್ಬಿಣದ ಕಪಾಟುಗಳಿವೆ. ಉಪಗ್ರಹ ಪಾಲಿಸಬೇಕಾದ ನಾನೂರ ಹದಿನೆಂಟು ಕರಾರುಗಳು, ತೊಂಬತ್ತಾರು ಜೋಡಣೆ ಕಾಗದಗಳು ಅವುಗಳಲ್ಲಿವೆ. ಜೋಡಣೆ ಕಾಗದವೆಂದರೆ ಎರಡು ತಂಡಗಳ ನಡುವಿನ ಒಪ್ಪಂದ: ನಾನು ನಿನಗೆ ಇದನ್ನು ಕೊಡುತ್ತೇನೆ, ನೀನು ಇದನ್ನು ಹೀಗೆ ತೆಗೆದುಕೋ. ಕೆಳಗೆ ಎರಡು ಸಹಿ. ಪ್ರತಿ ಕಾಗದದ ಬಲತುದಿಯಲ್ಲಿ ಒಂದು ಕಿರಿದಾದ ಕಾಲಂ ಇದೆ. ಅದರ ತಲೆಯಲ್ಲಿ 'ಯಾಕೆ' ಎಂದು ಬರೆದಿದೆ. ಅದನ್ನು ಸೇರಿಸಿದವರು ಈಕೆ. ಇಪ್ಪತ್ತೆರಡು ವರ್ಷದ ಹಿಂದೆ, ಈ ಉಪಗ್ರಹದ ಕೆಲಸ ಶುರುವಾದಾಗ, ಮೂವತ್ತೇಳರ ಈ ಹೆಂಗಸು ಸಭೆಯಿಂದ ಸಭೆಗೆ ಹೋಗಿ, ಈ ಅಂಕಿ ಯಾಕೆ, ಆ ಅಂಕಿ ಯಾಕೆ ಎಂದು ಕೇಳುತ್ತಿದ್ದರಂತೆ. ಎರಡನೇ ತಿಂಗಳಲ್ಲಿ ಯಾರೋ 'ಯಾಕಕ್ಕ' ಎಂದರು. ಹೆಸರು ನಿಂತಿತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ಅದು ಕಟ್ಟಡದಲ್ಲಿ ಯಾರಿಗೂ ತಟ್ಟನೆ ನೆನಪಾಗುವುದಿಲ್ಲ.

ಗೋಡೆಯ ಮೇಲೆ ಒಂದು ಗುಂಪಿನ ಫೋಟೋ ಇದೆ. ನೂರ ನಲವತ್ತು ಜನ, ನಾಲ್ಕು ಸಾಲು. ಉಪಗ್ರಹ ಹಾರಿದ ವಾರ ತೆಗೆದದ್ದು, ಹದಿನಾರು ವರ್ಷವಾಯಿತು. ಅದರಲ್ಲಿ ಮೂವತ್ತೊಂದು ಜನ ಈಗಿಲ್ಲ. ಉಳಿದವರು ಬೇರೆ ಕೆಲಸ, ಬೇರೆ ಊರು, ನಿವೃತ್ತಿ. ಈ ಕಟ್ಟಡದಲ್ಲಿ ಉಳಿದಿರುವುದು ಎರಡನೇ ಸಾಲಿನ ಎಡದಿಂದ ಏಳನೆಯವರು ಮಾತ್ರ. ಹಾರುವ ದಿನ ಕ್ಯಾಮೆರಾಗಳು ಬರುತ್ತವೆ, ಹೂಗುಚ್ಛ ಬರುತ್ತದೆ. ಆಮೇಲಿನ ಹದಿನಾರು ವರ್ಷಕ್ಕೆ ಯಾರೂ ಬರುವುದಿಲ್ಲ. ಹೊಸಬರು ಒಂದು ಅಂಕಿ ಅರ್ಥವಾಗದಿದ್ದಾಗ ಫೋನ್ ಮಾಡುತ್ತಾರೆ. ಆಕೆ ಎದ್ದು, ಕಪಾಟು ತೆಗೆದು, ಓದಿ ಹೇಳುತ್ತಾರೆ. "ಥ್ಯಾಂಕ್ಸ್ ಮೇಡಂ," ಫೋನ್ ಕಟ್. ಕೆಲವು ದಿನ ಬೆಳಗ್ಗೆ ಪಾಳಿಯವರೊಂದಿಗೆ ಆಡಿದ ನಾಲ್ಕು ಮಾತೇ ಆ ದಿನದ ಒಟ್ಟು ಮಾತು. ಬಸ್ಸಿನಲ್ಲಿ ಟಿಕೆಟ್ ಯಂತ್ರ ಬಂದ ಮೇಲೆ ಕಂಡಕ್ಟರನ ಜೊತೆಗಿನ ಮಾತೂ ನಿಂತಿದೆ.

"ಬೇಜಾರಾಗುತ್ತೆ ಅಂತ ಹೇಳ್ಲಿ ಅಂತ ಕೇಳ್ತಿದ್ದೀರೇನೋ," ಎನ್ನುತ್ತಾರೆ, ತಮ್ಮ ಕಥೆ ಕೇಳಲು ಬಂದವರಿಗೆ. "ಆಗುತ್ತೆ. ಅದನ್ನ ಎಲ್ಲಿ ಬರೆಯೋದು, ಅದಕ್ಕೆ ಕಾಲಂ ಇಲ್ಲ."

ಗಂಡ ಇದೇ ಸಂಸ್ಥೆಯಲ್ಲಿ ಟ್ಯಾಂಕಿನ ವಿಭಾಗದವರು. ಹಸಿರು ಶಾಯಿಯ ಪೆನ್ನಿನ ಮನುಷ್ಯ. ಮದುವೆಗೆ ಮೊದಲು ಇಬ್ಬರೂ ಒಂದು ಅಂಕಿಯ ಮೇಲೆ ಮೂರು ವಾರ ಜಗಳವಾಡಿದ್ದರು. ಸಹೋದ್ಯೋಗಿಗಳು, ಇವರಿಗೆ ಮದುವೆ ಮಾಡಿಬಿಡಿ, ಸಭೆಗಳಾದರೂ ಬೇಗ ಮುಗಿಯುತ್ತವೆ ಎಂದು ತಮಾಷೆ ಮಾಡಿದ್ದರು. ಮದುವೆಯಾಯಿತು. ಸಭೆಗಳು ಬೇಗ ಮುಗಿದವು, ನಿಜ. ಅರ್ಧ ಸಭೆ ಮನೆಯಲ್ಲಿ ನಡೆಯುತ್ತಿತ್ತು. ಮಕ್ಕಳಾಗಲಿಲ್ಲ. ತಟ್ಟೆಯ ಪಕ್ಕದಲ್ಲಿ ಕಾಗದವಿಟ್ಟುಕೊಂಡು ಊಟ ಮಾಡುವುದನ್ನು ಬೇಡವೆನ್ನುವವರೂ ಇರಲಿಲ್ಲ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಬರೆಯದಿದ್ದರೆ ಅದು ಇಲ್ಲ. ಬಾಯಲ್ಲಿ ಒಪ್ಪಿದ್ದು, ಫೋನಿನಲ್ಲಿ ಹೂಂ ಎಂದದ್ದು, ಎಲ್ಲರಿಗೂ ಗೊತ್ತಿರುವುದು, ಯಾವುದೂ ಲೆಕ್ಕಕ್ಕಿಲ್ಲ. ಆಕೆ ಹೊಸಬರಿಗೆ ಕಲಿಸುವ ಮೊದಲ ಪಾಠವೇ ಅದು. ಬರೆಯದೆ ಬಂದವರನ್ನು ಬಾಗಿಲಿಂದ ವಾಪಸ್ ಕಳಿಸುತ್ತಿದ್ದರು.

ಆರು ವಾರದ ಹಿಂದೆ ಆಕೆ ಉಪಗ್ರಹದ ಕೊನೆಯ ಕಡತವನ್ನು ತಯಾರು ಮಾಡುತ್ತಿದ್ದರು. ನಾನೂರ ಹದಿನೇಳನೇ ಕರಾರು ಹೀಗಿದೆ: ಸೇವೆ ಮುಗಿದ ಮೇಲೆ ಉಪಗ್ರಹ ತನ್ನ ಜಾಗದಿಂದ ಮುನ್ನೂರು ಕಿಲೋಮೀಟರ್ ಮೇಲಕ್ಕೆ, ಸ್ಮಶಾನ ಕಕ್ಷೆಗೆ, ತಾನೇ ಏರಿ ಹೋಗಬೇಕು. ಹೋಗದೆ ಅಲ್ಲೇ ಇಂಧನ ಮುಗಿಸಿಕೊಂಡು ಸತ್ತರೆ, ಅದೇ ದಾರಿಯ ಬೇರೆ ಉಪಗ್ರಹಗಳ ನಡುವೆ ತೂರಾಡುತ್ತ ನೂರಾರು ವರ್ಷ ಎಲ್ಲರಿಗೂ ಅಡ್ಡ ಬರುತ್ತದೆ. ಈ ಕರಾರನ್ನು ಬರೆಸಲು ಆಕೆ ಇಪ್ಪತ್ತೆರಡು ವರ್ಷದ ಹಿಂದೆ ಹೋರಾಡಿದ್ದರು. "ಹುಟ್ಟೋ ಮಗುಗೆ ಈಗಲೇ ಗುಂಡಿ ತೋಡ್ತೀರೇನಮ್ಮ?" ಎಂದಿದ್ದರಂತೆ ಆಗಿನ ಮುಖ್ಯಸ್ಥರು. ಆಕೆ, "ಹೂಂ ಸಾರ್, ಅಳತೆ ಬೇಕಲ್ಲ," ಎಂದಿದ್ದರು.

ಲೆಕ್ಕ ಸರಳ. ಕಡತದ ಪ್ರಕಾರ ಉಳಿದಿರುವ ಇಂಧನ ಹತ್ತು ಕಿಲೋ. ಮೇಲೆ ಏರಲು ಬೇಕಾದದ್ದು ಐದು ಕಿಲೋ ಆರುನೂರು ಗ್ರಾಂ. ತಿಂಗಳಿಗೆ ಇನ್ನೂರು ಗ್ರಾಂ ಖರ್ಚು. ಹೊಸ ಉಪಗ್ರಹ ಬರಲು ಹದಿನೆಂಟು ತಿಂಗಳು. ಆರಾಮಾಗಿ ಸಾಕು. ಸಹಿ ಹಾಕುವ ಮೊದಲು ಆಕೆ ಅಭ್ಯಾಸಬಲದಿಂದ ಪ್ರತಿ ಅಂಕಿಯ 'ಯಾಕೆ' ಕಾಲಂ ನೋಡುತ್ತ ಬಂದರು. ನಲವತ್ತೊಂದನೇ ಕಾಗದ. ಟ್ಯಾಂಕಿನವರು ನಡೆಸುವವರಿಗೆ ಇಂಧನದ ತೂಕ ಒಪ್ಪಿಸುವ ಕಾಗದ. 'ಯಾಕೆ' ಕಾಲಂ ಖಾಲಿ.

ತೊಂಬತ್ತಾರರಲ್ಲಿ ಅದೊಂದೇ ಖಾಲಿ. ಕೆಳಗೆ ಎರಡು ಸಹಿ. ಟ್ಯಾಂಕಿನವರ ಪರವಾಗಿ ಹಸಿರು ಶಾಯಿ. ಪಕ್ಕದಲ್ಲಿ, ಪಡೆದುಕೊಂಡವರ ಪರವಾಗಿ, ಆಕೆಯದೇ ನೀಲಿ.

ಟ್ಯಾಂಕಿನಲ್ಲಿ ತುಂಬಿದ ಇಂಧನವೆಲ್ಲ ಬಳಕೆಗೆ ಬರುವುದಿಲ್ಲ. ಕೊಳವೆಗಳ ಬಾಗುಗಳಲ್ಲಿ, ಜರಡಿಯಲ್ಲಿ ಒಂದಿಷ್ಟು ಸಿಕ್ಕಿಕೊಂಡು ಎಂದೆಂದಿಗೂ ಅಲ್ಲೇ ಉಳಿಯುತ್ತದೆ. ಬಾಟಲಿಯ ತಳದ ಎಣ್ಣೆಯ ಹಾಗೆ. ಅದನ್ನು ಕಳೆದು ಲೆಕ್ಕ ಹಿಡಿಯಬೇಕು. ಆಕೆಗೆ ಆ ಸಂಜೆ ನೆನಪಿದೆ. ಊಟದ ಮೇಜಿನಲ್ಲಿ ಇಬ್ಬರೂ ಆ ಕೊಳವೆಯ ಚಿತ್ರ ಬಿಡಿಸಿದ್ದು, ಮೂರೂವರೆ ಕಿಲೋ ಎಂದು ತೀರ್ಮಾನಿಸಿದ್ದು, ಇದನ್ನು ಕಳೆಯದಿದ್ದರೆ ಕೆಲಸ ಕೆಟ್ಟಿತು ಎಂದು ಮಾತಾಡಿಕೊಂಡದ್ದು. ಮಾರನೆಯ ದಿನ ಆಫೀಸಿನಲ್ಲಿ ಕಾಗದ ಬಂತು, ಸಹಿಯಾಯಿತು. ಕಳೆದೇ ಕೊಟ್ಟಿದ್ದಾರೆ ಎಂದುಕೊಂಡು ಆಕೆ ಪಡೆದರು. ಪಡೆದ ಮೇಲೆ ಅವಳು ಕಳೆಯುತ್ತಾಳೆ ಎಂದುಕೊಂಡು ಆತ ಕೊಟ್ಟರು. ಬೇರೆ ಯಾರೇ ಆಗಿದ್ದರೂ ಆಕೆ, ಕಾಲಂ ತುಂಬಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತಿದ್ದರು.

"ಮನೇಲಿ ಮಾತಾಡಿಕೊಂಡಿದ್ದೀವಲ್ಲ ಅಂತ ಬರೀಲಿಲ್ಲ," ಎನ್ನುತ್ತಾರೆ ಆಕೆ. "ಅಷ್ಟೇ. ಇನ್ನೇನೂ ಇಲ್ಲ ಅದರಲ್ಲಿ."

ಮನೆಗೆ ಹೋಗಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿದರು. ಆರು ವರ್ಷದಿಂದ ಬಿಚ್ಚಿರಲಿಲ್ಲ. ಗಂಡನ ಹತ್ತೊಂಬತ್ತು ನೋಟ್‌ಬುಕ್. ಹದಿಮೂರನೆಯದರಲ್ಲಿ ಆ ವಾರದ ಪುಟ ಸಿಕ್ಕಿತು. 'ಕೊಳವೆ 3.5, ಇವಳಿಗೆ ಹೇಳಿದೆ' ಎಂದು ಹಸಿರು ಶಾಯಿಯಲ್ಲಿತ್ತು. ಮುಂದೆ ಒಂದು ಸರಿ ಗುರುತು. ಹೇಳಿ ಮುಗಿಯಿತು ಎಂಬ ಗುರುತು.

ಅಂದರೆ ಬಳಕೆಗೆ ಉಳಿದಿರುವುದು ಹತ್ತಲ್ಲ, ಆರೂವರೆ ಕಿಲೋ. ಮೇಲೆ ಏರಲು ಬೇಕಾದದ್ದನ್ನು ತೆಗೆದರೆ ಒಂಬೈನೂರು ಗ್ರಾಂ. ನಾಲ್ಕೂವರೆ ತಿಂಗಳಿಗೆ ಆಗುವಷ್ಟು.

ಆಕೆ ಮೂರು ದಿನ ಆ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದರು. ಬಾಯಿ ಮುಚ್ಚಿಕೊಂಡು ಕೂತಿದ್ದರೂ ನಡೆಯುತ್ತಿತ್ತು. ಹದಿನೆಂಟು ತಿಂಗಳಿಗೆ ಮೊದಲೇ ಆಕೆಯ ನಿವೃತ್ತಿ. ಉಪಗ್ರಹ ಅರ್ಧ ದಾರಿಯಲ್ಲಿ ಕೆಮ್ಮಿ ನಿಂತಾಗ, ಹಳೆಯ ಯಂತ್ರ, ಏನೋ ಆಯಿತು ಎನ್ನುತ್ತಿದ್ದರು. ನಾಲ್ಕನೇ ದಿನ ಬರೆದು ಕೊಟ್ಟರು.

ಸಭೆಯಲ್ಲಿ ಒಂಬತ್ತು ಜನ. ಹವಾಮಾನ ಕಚೇರಿಯ ಅಧಿಕಾರಿ ಮೊದಲು ಮಾತಾಡಿದವರು. ಉಪಗ್ರಹದ ಚಿತ್ರ ನೋಡಿ ಸಮುದ್ರದಲ್ಲಿರುವ ದೋಣಿಗಳಿಗೆ ಬಿರುಗಾಳಿಯ ಎಚ್ಚರಿಕೆ ಕೊಡುವುದು ಅವರ ಕೆಲಸ.

"ವರ್ಷಕ್ಕೂ ಮೇಲೆ ನಾವು ಕಣ್ಣು ಕಟ್ಕೊಂಡು ಕೂರಬೇಕಾ? ಅರ್ಧ ಗಂಟೆಗೊಂದು ಚಿತ್ರ ಬರ್ತಿತ್ತು. ಇನ್ನು ಬೇರೆಯವರ ಹತ್ರ ಕೈ ಚಾಚಿದ್ರೆ ಮೂರು ಗಂಟೆಗೊಂದು ಸಿಗುತ್ತೆ. ದೋಣಿಯವರಿಗೆ ಏನು ಹೇಳ್ಲಿ ಮೇಡಂ, ನೀವೇ ಹೇಳಿ."

"ದೋಣಿಯವರಿಗೆ ಮುಖ ತೋರಿಸ್ಬೇಕಾದೋರು ಅವರು," ಎನ್ನುತ್ತಾರೆ ಆಕೆ. "ಅವರು ಕೂಗಾಡಿದ್ದು ಸರಿ."

ನಿರ್ದೇಶಕರು ಒಳ್ಳೆಯವರು. ಆಕೆಗಿಂತ ಹದಿನೈದು ವರ್ಷ ಚಿಕ್ಕವರು. ಎಲ್ಲರೂ ಎದ್ದು ಹೋದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದರು.

"ಮೇಡಂ, ಶಾಖದ ಪರೀಕ್ಷೆ ಮಾಡೋಣ. ನಿಮ್ಮ ಲೆಕ್ಕ ಸರಿ ಅಂತಾದ್ರೆ 'ಇಂಧನದ ಅಳತೆಯಲ್ಲಿ ಅನಿಶ್ಚಿತತೆ' ಅಂತ ಬರೆದು ಮುಗಿಸೋಣ. ನಿಮ್ಮ ಯಜಮಾನರ ಹೆಸರು ಯಾಕೆ ಎಳೀಬೇಕು? ಅವರ ಕೈಕೆಳಗೆ ಕಲಿತವನು ನಾನು."

"ಹೊಸ ಉಪಗ್ರಹದ ನಲವತ್ತೊಂದನೇ ಕಾಗದ ನೋಡಿದೀರಾ ಸಾರ್?"

"ಯಾಕೆ?"

"ಹಳೇದನ್ನೇ ನಕಲು ಮಾಡಿದಾರೆ. ಟ್ಯಾಂಕಿನ ಅಳತೆ ಮಾತ್ರ ಬದಲಾಗಿದೆ. ಕಾಲಂ ಖಾಲಿ ಇದ್ದದ್ದು ಖಾಲಿಯೇ ಇದೆ."

ಅವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

"ಅನಿಶ್ಚಿತತೆ ಅಂತ ಬರೆದ್ರೆ ಅದೇನೋ ಗಾಳಿಯಿಂದ ಬಂದ ಹಾಗಿರುತ್ತೆ. ಇದು ಬಂದಿದ್ದು ನಮ್ಮನೆ ಊಟದ ಮೇಜಿಂದ. ಹಾಗಂತ ಬರೆದ್ರೇನೇ ಮುಂದಿನವರು ಎರಡು ಸಲ ನೋಡೋದು."

ಇದರ ಬೆಲೆ ಭಾನುವಾರ ಗೊತ್ತಾಯಿತು. ಗಂಡನ ತಂಗಿ ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನ್ ಮಾಡುತ್ತಾಳೆ. ವಾರದಲ್ಲಿ ಆಕೆಗೆ ಬರುವ, ಕೆಲಸದ್ದಲ್ಲದ ಫೋನ್ ಅದೊಂದೇ. ಅಣ್ಣನಿಗೆ ಸಂಸ್ಥೆ ಕೊಟ್ಟ ಫಲಕವನ್ನು ಈ ನಾದಿನಿ ತನ್ನ ಮನೆಯ ನಡುಕೋಣೆಯಲ್ಲಿ ತೂಗುಹಾಕಿದ್ದಾಳೆ. ವಿಷಯ ಹೇಗೋ ಅವಳ ಕಿವಿಗೆ ಬಿದ್ದಿತ್ತು.

"ಅತ್ತಿಗೆ, ಅಣ್ಣ ಇದ್ದಿದ್ರೆ ಎದುರು ನಿಂತು ಉತ್ತರ ಕೊಡ್ತಿದ್ದ. ಬಾಯಿ ಇಲ್ಲದವನ ಮೇಲೆ ಬರೆಯೋಕೆ ನಿಮಗೆ ಕೈ ಹೇಗೆ ಬಂತು?"

"ಅರ್ಧ ನನ್ನ ಮೇಲೂ ಬರೆದಿದೀನಲ್ಲೇ."

"ನಿಮ್ಮ ಅರ್ಧ ನಿಮ್ಮಿಷ್ಟ. ಅವನ ಅರ್ಧ ಯಾಕೆ ಮುಟ್ಟಿದ್ರಿ?"

"ಅವರಿದ್ದಿದ್ರೆ ಅವರೇ ಬರೀತಿದ್ರು."

"ಅದನ್ನೂ ನೀವೇ ಹೇಳಿ! ಎಲ್ಲಾ ನೀವೇ ಹೇಳಿ!"

ಅಂದಿನಿಂದ ನಾಲ್ಕು ಭಾನುವಾರ ಕಳೆದಿದೆ. ಹತ್ತು ಗಂಟೆಗೆ ಆಕೆ ಫೋನಿನ ಪಕ್ಕದಲ್ಲೇ ಬಟ್ಟೆ ಮಡಚುತ್ತಾರೆ. ಒಬ್ಬರ ಬಟ್ಟೆ, ಹತ್ತೂ ಹತ್ತಕ್ಕೆ ಮುಗಿಯುತ್ತದೆ.

ತಾವೇ ಫೋನ್ ಮಾಡಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ಅವಳಿಗೆ ಕೋಪ ಮಾಡ್ಕೊಳ್ಳೋಕೆ ನಾನೊಬ್ಬಳೇ ಇರೋದು. ಮಾಡ್ಕೊಳ್ಳಲಿ."

ಶಾಖದ ಪರೀಕ್ಷೆಯ ಐದನೇ ದಿನ, ಅದೇ ಐದೂ ನಲವತ್ತು. ಈ ಸಲ ಪಾಳಿಯ ಮುಖ್ಯಸ್ಥ ತಮಾಷೆ ಮಾಡುವುದಿಲ್ಲ. ಕುರ್ಚಿಯನ್ನು ತಾನೇ ಎಳೆದು ಇಡುತ್ತಾನೆ, ಆಕೆ ಕೂರುತ್ತಾರೆ. ಹಾಳೆಯ ಕೊನೆಯಲ್ಲಿ ಲೆಕ್ಕ ಮಾಡಿಟ್ಟಿದ್ದಾರೆ: ಟ್ಯಾಂಕಿನಲ್ಲಿರುವ ಇಂಧನ ಆರು ಕಿಲೋ ನಾನೂರು ಗ್ರಾಂ, ನೂರಿನ್ನೂರು ಆಚೀಚೆ.

"ಸರಿಯಾಗಿ ಹೇಳಿದ್ರಿ ಅಕ್ಕ," ಎನ್ನುತ್ತಾನೆ ಆತ. ಅದು ಸಂತಾಪ ಹೇಳುವ ದನಿಯಂತಿದೆ.

"ಹೂಂ," ಎಂದು ಆಕೆ ಹಾಳೆಯನ್ನು ನಾಲ್ಕಾಗಿ ಮಡಚುತ್ತಾರೆ. "ಸರಿಯಾಗಿ ಲೆಕ್ಕ ಹಾಕಿದ್ರು ನಮ್ಮನೆಯವರು. ಕೊಳವೆ ಮೂರೂವರೆ ಅಂದಿದ್ರು, ಮೂರೂವರೆಯೇ ಇದೆ ನೋಡಿ, ಹದಿನಾರು ವರ್ಷ ಆದ್ಮೇಲೂ. ಲೆಕ್ಕ ತಪ್ಪಿರ್ಲಿಲ್ಲ." ಹಾಳೆಯ ಮಡಿಕೆಯನ್ನು ಉಗುರಿನಿಂದ ಗೀರುತ್ತ, "ನಾನೂ ತಪ್ಪಿರ್ಲಿಲ್ಲ. ಮಧ್ಯದ್ದು ತಪ್ಪಿತು."

ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕರ ಸಹಿ ಬೀಳುತ್ತದೆ. ಇನ್ನು ನಾಲ್ಕು ತಿಂಗಳಿಗೆ ಉಪಗ್ರಹ ಏರಿ ಹೋಗಬೇಕು. ಅದಾದ ಹದಿನಾಲ್ಕು ತಿಂಗಳು ಮೂರು ಗಂಟೆಗೊಂದು ಚಿತ್ರ. ಹವಾಮಾನ ಕಚೇರಿಯ ಅಧಿಕಾರಿ ಕಾರಿಡಾರಿನಲ್ಲಿ ಎದುರಾದಾಗ ಆಕೆಗೆ ತಲೆ ಬಾಗಿಸಿ ದಾಟಿ ಹೋಗುತ್ತಾರೆ, ನಿಲ್ಲುವುದಿಲ್ಲ.

ಆಕೆ ಕೋಣೆಗೆ ಬಂದು, ಹೊಸ ಉಪಗ್ರಹದ ನಲವತ್ತೊಂದನೇ ಕಾಗದವನ್ನು ಮೇಜಿನ ಮೇಲೆ ಹರಡುತ್ತಾರೆ. ಮೂರೂವರೆ ಅಲ್ಲ, ಹೊಸ ಟ್ಯಾಂಕಿಗೆ ನಾಲ್ಕು ಕಿಲೋ ಇನ್ನೂರು ಗ್ರಾಂ. ಅದನ್ನು ಕಳೆದೇ ಕೊಡಬೇಕು, ಕಳೆಯುವವರು ಟ್ಯಾಂಕಿನವರು ಎಂದು ಬರೆಯುತ್ತಾರೆ. ಆಮೇಲೆ ಬಲತುದಿಯ ಕಾಲಂ. ಅದು ಎರಡು ಬೆರಳಗಲ. ಆಕೆ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ: 'ಹಿಂದಿನ ಉಪಗ್ರಹದಲ್ಲಿ ಕೊಟ್ಟವರೂ ಪಡೆದವರೂ ಗಂಡ ಹೆಂಡತಿ. ಮನೆಯಲ್ಲಿ ಮಾತಾಡಿಕೊಂಡರು. ಇಲ್ಲಿ ಬರೆಯಲಿಲ್ಲ.' ಕೆಳಗೆ ಎರಡು ಹೆಸರು. ತನ್ನದನ್ನು ಬರೆದ ಮೇಲೆ ಡ್ರಾಯರ್ ಎಳೆದು ಬೇರೆ ಪೆನ್ನು ತೆಗೆಯುತ್ತಾರೆ. ಶಾಯಿ ಒಣಗಿದೆ. ಬಾಯಿಯ ಬಿಸಿಗಾಳಿ ಊದಿ, ಹಳೆಯ ಕಾಗದದ ಮೇಲೆ ನಾಲ್ಕು ಸಲ ಗೀಚಿ, ಹಸಿರು ಬಂದ ಮೇಲೆ ಆತನ ಹೆಸರು ಬರೆಯುತ್ತಾರೆ.

ನಿವೃತ್ತಿಗೆ ಇನ್ನು ಏಳು ತಿಂಗಳು. ಕೋಣೆಯನ್ನು ಆಮೇಲೆ ಏನು ಮಾಡುತ್ತಾರೋ ಆಕೆಗೆ ಗೊತ್ತಿಲ್ಲ. ಕಾಗದಗಳನ್ನು ಕಂಪ್ಯೂಟರಿಗೆ ಹಾಕಿ ಕಪಾಟುಗಳನ್ನು ಗುಜರಿಗೆ ಕೊಡುತ್ತಾರೆ ಎಂಬ ಮಾತಿದೆ. ಅದಕ್ಕೆ ಆಕೆಯ ತಕರಾರಿಲ್ಲ. ಒಂದೇ ಒಂದು ಕೇಳಿಕೊಂಡಿದ್ದಾರೆ, ಕಾಗದ ನಕಲು ಮಾಡುವಾಗ ಬಲಗಡೆಯ ಅಂಚು ಕತ್ತರಿಸಿ ಹೋಗದ ಹಾಗೆ ನೋಡಿಕೊಳ್ಳಿ ಎಂದು.

"ಇಪ್ಪತ್ತು ವರ್ಷ ಆದ್ಮೇಲೆ ಯಾರೋ ಓದ್ತಾರೆ. ಎಂಥ ಜನಾಪ್ಪಾ ಅಂತ ನಕ್ಕರೂ ಪರವಾಗಿಲ್ಲ," ಎನ್ನುತ್ತ ಆಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. ಬೆಳಗ್ಗೆ ತಂದ ಚಹಾ, ಈಗ ಉಗುರು ಬೆಚ್ಚಗಿದೆ. "ನಮ್ಮಿಬ್ಬರ ಹೆಸರೂ ಒಟ್ಟಿಗೆ ಬಂದಿರೋ ಕೊನೇ ಕಾಗದ ಇದು. ಈ ಸಲ ಕಾಲಂ ಖಾಲಿ ಬಿಟ್ಟಿಲ್ಲ."